ರಬ್ಬರ್ ಕೆಂಪು ಬಳಿದಾಗ

ದರ್ಶಿನಿಗೆ ಹೋಗಿ ‘ಒಂದು ಕಾಫಿ’ ಎಂದರೆ ಸಕ್ಕರೆ ಹಾಕಿಯೇ ಕೊಡುತ್ತಾರೆ. ಬೇಡದವರು ಬಾಯಿಬಿಟ್ಟು ‘ಸಕ್ಕರೆ ಬೇಡಪ್ಪ’ ಎನ್ನಬೇಕು. ನನ್ನಂಥ ಸಕ್ಕರೆ ಕಾಯಿಲೆಯವರು ದಿನಾ ಹೇಳುತ್ತೇವೆ, ಒಮ್ಮೊಮ್ಮೆ ಮರೆತು ಕುಡಿದೂ ಬಿಡುತ್ತೇವೆ (ಮರೆತಂತೆ ನಟಿಸಿ ಕುಡಿಯುವುದೂ ಉಂಟು, ಅದು ಮನೆಯಲ್ಲಿ ಗೊತ್ತಾಗಬಾರದು). ಹೀಗೆ ಕೇಳದಿದ್ದರೂ ಬಂದು ಲೋಟದಲ್ಲಿ ಕೂತಿರುವ ಸಕ್ಕರೆಗೆ ಕಂಪ್ಯೂಟರಿನವರ ಭಾಷೆಯಲ್ಲಿ ‘ಡೀಫಾಲ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ಸಿಗುವ ಕೆಲವು ತಂತ್ರಾಂಶಗಳಲ್ಲಿ ಇದನ್ನು ‘ಪೂರ್ವನಿಯೋಜಿತ’ ಎಂದು ಬರೆದಿರುತ್ತಾರೆ. ಪದ ಸರಿಯಾಗಿಯೇ ಇದೆ, ಸ್ವಲ್ಪ ಭಾರ. ನನ್ನ ಮೊಮ್ಮಗ ಪುಟ್ಟ ಅದಕ್ಕೆ ‘ಕೇಳ್ದೇ ಇದ್ರೂ ಬರೋದು’ ಎಂದು ಹೆಸರಿಟ್ಟಿದ್ದಾನೆ. ಅವನು ಏಳನೇ ಕ್ಲಾಸು.

ಕಳೆದ ಹದಿನೈದು ದಿನ ನಾವಿಬ್ಬರೂ ಈ ‘ಕೇಳ್ದೇ ಇದ್ರೂ ಬರೋದು’ರ ಜೊತೆ ಗುದ್ದಾಡಿದೆವು. ಈ ವಾರ ಅದರದೇ ಕಥೆ.

ನನ್ನ ಅಕ್ಕನಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡುವುದೆಂದು ಅವಳ ಮಕ್ಕಳು ನಿಶ್ಚಯಿಸಿದರು. ಎಂಬತ್ತು ದಾಟಿದವಳಿಗೆ ಏನು ಉಡುಗೊರೆ ಕೊಡುವುದು? ಸೀರೆ ಬೀರುವಿನಲ್ಲಿ ತುಂಬಿವೆ. ಬೆಳ್ಳಿ ಲೋಟ ಎಲ್ಲರೂ ಕೊಡುತ್ತಾರೆ. ಕೊನೆಗೆ ಅಮ್ಮನ ಫೋಟೊ ನೆನಪಾಯಿತು. ನಮ್ಮ ಅಮ್ಮನದು ಇರುವುದು ಒಂದೇ ಒಂದು ಫೋಟೊ. 1961ರಲ್ಲಿ ಸ್ಟುಡಿಯೊಗೆ ಹೋಗಿ ತೆಗೆಸಿದ್ದು. ಅದಾದ ಎರಡು ವರ್ಷಕ್ಕೆ ಅಮ್ಮ ಹೋದರು. ಆಗ ನನಗೆ ಹನ್ನೊಂದು, ಅಕ್ಕನಿಗೆ ಹತ್ತೊಂಬತ್ತು. ಆರು ಇಂಚು ಎತ್ತರ, ನಾಲ್ಕು ಇಂಚು ಅಗಲದ ಆ ಕಪ್ಪು ಬಿಳುಪು ಚಿತ್ರ ಅರವತ್ತು ವರ್ಷದಲ್ಲಿ ಮಡಚಿ, ನೆನೆದು, ಒಂದು ಮೂಲೆಯನ್ನು ಹುಳುವಿಗೆ ಕೊಟ್ಟು, ಹೇಗೋ ನನ್ನ ಪೆಟ್ಟಿಗೆಯಲ್ಲಿ ಉಳಿದುಕೊಂಡಿತ್ತು. ಇದನ್ನು ಚೆನ್ನಾಗಿ ಮಾಡಿ, ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ ಕೊಟ್ಟರೆ?

“ತಾತ, ಅದನ್ನ ನಾನೇ ಸರಿ ಮಾಡ್ತೀನಿ, ಶಾಲೇಲಿ ಗಿಂಪ್ ಹೇಳಿಕೊಟ್ಟಿದ್ದಾರೆ” ಎಂದ ಪುಟ್ಟ.

ಗಿಂಪ್ ಎಂದರೆ ಫೋಟೊ ತಿದ್ದುವ, ಚಿತ್ರ ಬಿಡಿಸುವ ಒಂದು ತಂತ್ರಾಂಶ. ಕಾಸು ಕೊಡಬೇಕಿಲ್ಲ. ಅದರ ಒಳಗಿನ ಬರಹವನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದನ್ನು ಶುರು ಮಾಡಿದರು. ಮರುವರ್ಷ ಎಲ್ಲರಿಗೂ ಕೊಟ್ಟರು. ಓದು ಮುಗಿದ ಮೇಲೆ ಅವರಿಬ್ಬರೂ ಬೇರೆ ಕೆಲಸಕ್ಕೆ ಹೋದರು, ಕೂಸನ್ನು ಬೇರೆಯವರು ಎತ್ತಿಕೊಂಡರು. ಇವತ್ತಿಗೂ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಅದನ್ನು ಸಾಕುತ್ತಿದ್ದಾರೆ. ಕುಂಚ ಕಚ್ಚಿಕೊಂಡ ವಿಲ್ಬರ್ ಎಂಬ ಪ್ರಾಣಿ ಅದರ ಗುರುತು. ಅದು ನಾಯಿಯೋ ನರಿಯೋ ಎಂದು ಪುಟ್ಟನಿಗೂ ನನಗೂ ವಾದವಾಯಿತು, ತೀರ್ಮಾನವಾಗಲಿಲ್ಲ.

ಅಂಗಡಿಯಲ್ಲಿ ಫೋಟೊ ಸ್ಕ್ಯಾನ್ ಮಾಡಿಸಿ ತಂದೆವು. ಒಂದು ಇಂಚಿಗೆ 600 ಚುಕ್ಕೆಯಂತೆ. ಎಂದರೆ 3600 ಚುಕ್ಕೆ ಎತ್ತರ, 2400 ಚುಕ್ಕೆ ಅಗಲ, ಒಟ್ಟು 86 ಲಕ್ಷ ಚುಕ್ಕೆಗಳಲ್ಲಿ ನಮ್ಮ ಅಮ್ಮ. ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ಗಿಂಪ್ 2.10 ತೆರೆದೆವು.

ಮೊದಲ ಮುಖಭಂಗ ಅಲ್ಲೇ ಆಯಿತು. ಪರದೆಯೆಲ್ಲ ಕಾಡಿಗೆ ಬಳಿದಂತೆ ಕಪ್ಪು. ಅದರ ಮೇಲೆ ಬೂದು ಬಣ್ಣದ ಸಣ್ಣ ಸಣ್ಣ ಚಿತ್ರಗಳು. ಪುಟ್ಟನ ಕಣ್ಣಿಗೆ ತೊಂದರೆಯಿಲ್ಲ, ನನ್ನದು ಪೊರೆ ತೆಗೆಸಿದ ಕಣ್ಣು. ಕುಂಚ ಯಾವುದು, ಕತ್ತರಿ ಯಾವುದು ಒಂದೂ ತಿಳಿಯದು. “ಎಲ್ಲೆಲ್ಲಿ ರಿಪೇರಿ ಬೇಕೋ ಅಲ್ಲೆಲ್ಲ ಪೆನ್ಸಿಲಿಂದ ಕೆಂಪು ಸುತ್ತು ಹಾಕ್ತೀನಿ” ಎಂದು ಪುಟ್ಟ ಪೆನ್ಸಿಲ್ ಹುಡುಕಿದ. ಪೆನ್ಸಿಲ್ಲೇ ಇಲ್ಲ! ಶಾಲೆಯ ಕಂಪ್ಯೂಟರಿನಲ್ಲಿ ಇತ್ತಂತೆ. ಹತ್ತು ನಿಮಿಷ ಹುಡುಕಿದ ಮೇಲೆ ಗೊತ್ತಾಯಿತು, ಪೆನ್ಸಿಲ್ ಕುಂಚದ ಹಿಂದೆ ಅಡಗಿದೆ. ಕುಂಚದ ಚಿತ್ರದ ಮೂಲೆಯಲ್ಲಿ ಎಳ್ಳು ಕಾಳಿನಷ್ಟು ಒಂದು ತ್ರಿಕೋನ ಇದೆ. ಕುಂಚವನ್ನು ಒತ್ತಿ ಹಿಡಿದುಕೊಂಡರೆ ಅದರ ಹಿಂದಿನ ಸಂಸಾರವೆಲ್ಲ ಹೊರಗೆ ಬರುತ್ತದೆ. 2020ರಿಂದ ಹೀಗೆ ಸಲಕರಣೆಗಳನ್ನು ಗುಂಪು ಗುಂಪಾಗಿ ಅಡಗಿಸಿಡುವುದೇ ಡೀಫಾಲ್ಟ್ ಆಗಿದೆ. ಶಾಲೆಯಲ್ಲಿ ಇರುವುದು ಅದಕ್ಕಿಂತ ಹಳೆಯದು.

ಜಾಗ ಉಳಿಯಲಿ ಎಂದು ಮಾಡಿದ್ದಾರೆ, ಒಪ್ಪೋಣ. ಆದರೆ ಅಡುಗೆ ಮನೆಯಲ್ಲಿ ಸೌಟನ್ನು ಬಾಣಲೆಯ ಹಿಂದೆ ಬಚ್ಚಿಟ್ಟು ‘ಗೋಡೆ ಖಾಲಿ ಕಾಣಿಸುತ್ತದೆ ನೋಡಿ’ ಎಂದರೆ ಅಡುಗೆ ಮಾಡುವವರು ಏನೆಂದಾರು? ಸದ್ಯ, ಇದನ್ನು ತೆಗೆಯಬಹುದು. ‘ಎಡಿಟ್’ನಲ್ಲಿ ‘ಪ್ರಿಫರೆನ್ಸಸ್’, ಅದರಲ್ಲಿ ‘ಇಂಟರ್‌ಫೇಸ್’, ಅದರೊಳಗೆ ‘ಟೂಲ್‌ಬಾಕ್ಸ್’. ಅಲ್ಲಿ ‘ಯೂಸ್ ಟೂಲ್ ಗ್ರೂಪ್ಸ್’ ಎಂಬುದರ ಮುಂದಿನ ಗುರುತು ತೆಗೆದರೆ ಎಲ್ಲ ಸಲಕರಣೆಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಅಲ್ಲೇ ಪಕ್ಕದಲ್ಲಿ ‘ಥೀಮ್’ ಮತ್ತು ‘ಐಕನ್ ಥೀಮ್’ ಇವೆ. ಕಪ್ಪನ್ನು ತಿಳಿ ಬಣ್ಣ ಮಾಡಬಹುದು, ಬೂದು ಚಿತ್ರಗಳನ್ನು ಬಣ್ಣದ್ದು ಮಾಡಬಹುದು, ದೊಡ್ಡದೂ ಮಾಡಬಹುದು. ನನ್ನ ವಯಸ್ಸಿನವರು ಮೊಮ್ಮಕ್ಕಳಿಂದ ಈ ಕೆಲಸವನ್ನು ಮೊದಲು ಮಾಡಿಸಿಕೊಳ್ಳಿ, ಆಮೇಲೆ ಉಳಿದದ್ದು.

ಪುಟ್ಟ ಪೆನ್ಸಿಲಿನಿಂದ ಮಡಿಕೆಯ ಸುತ್ತ ಒಂದು ಕೆಂಪು ವೃತ್ತ ಹಾಕಿದ. ತೀರಾ ದೊಡ್ಡದಾಯಿತು ಎಂದು ರಬ್ಬರ್ ತೆಗೆದುಕೊಂಡು ಒರಸಿದ. ರಬ್ಬರ್ ಒರಸಲಿಲ್ಲ. ಬಳಿಯಿತು! ಅದೂ ಕೆಂಪು ಬಣ್ಣ. ಒರಸಿದಷ್ಟೂ ಅಮ್ಮನ ಸೆರಗೆಲ್ಲ ಕೆಂಪು. ಪುಟ್ಟ ಹೆದರಿ ಕೈ ಬಿಟ್ಟ. ಕಂಟ್ರೋಲ್ ಒತ್ತಿ ಝಡ್ ಒತ್ತುತ್ತಾ ಒಂದೊಂದೇ ಹೆಜ್ಜೆ ಹಿಂದೆ ಬಂದೆವು.

ಇದು ಹಾಳಾದ ಯಂತ್ರ ಎಂದು ನಾನು ಬೈದೆ. ಆಮೇಲೆ ಕೂತು ಕೈಪಿಡಿ ಓದಿದಾಗ ಅದರ ಲೆಕ್ಕ ಅರ್ಥವಾಯಿತು. ಸ್ಕ್ಯಾನ್ ಮಾಡಿದ ಜೆಪಿಜಿ ಫೋಟೊಗೆ ಪಾರದರ್ಶಕತೆ ಎಂಬುದೇ ಇರುವುದಿಲ್ಲ. ಗಾಜಿನ ಮೇಲಿನ ಬಣ್ಣ ಒರಸಿದರೆ ಗಾಜು ಕಾಣುತ್ತದೆ. ಗೋಡೆಯ ಸುಣ್ಣ ಕೆರೆದರೆ ಆಚೆ ಬೀದಿ ಕಾಣುತ್ತದೆಯೇ? ಹಿಂದಿನ ಮಣ್ಣು ಕಾಣುತ್ತದೆ. ಹಾಗೆಯೇ ಗಿಂಪ್‌ನಲ್ಲಿ ಇಂಥ ಚಿತ್ರವನ್ನು ಒರಸಿದರೆ ಅಲ್ಲಿ ‘ಹಿನ್ನೆಲೆ ಬಣ್ಣ’ ಬರುತ್ತದೆ. ಸಾಮಾನ್ಯವಾಗಿ ಅದು ಬಿಳಿ. ಪುಟ್ಟ ಮಧ್ಯೆ ಏನೋ ಒತ್ತಿ ಮುನ್ನೆಲೆಯ ಕೆಂಪನ್ನು ಹಿನ್ನೆಲೆಗೆ ಕಳಿಸಿದ್ದ. ಪಾಪದ ರಬ್ಬರ್ ಹೇಳಿದಂತೆ ಕೇಳಿತು. ‘ಲೇಯರ್’ನಲ್ಲಿ ‘ಟ್ರಾನ್ಸ್‌ಪರೆನ್ಸಿ’ಗೆ ಹೋಗಿ ‘ಆ್ಯಡ್ ಆಲ್ಫಾ ಚಾನೆಲ್’ ಎಂದರೆ ಚಿತ್ರಕ್ಕೆ ಪಾರದರ್ಶಕತೆ ಬರುತ್ತದೆ, ಆಗ ರಬ್ಬರ್ ನಿಜವಾಗಿ ಒರಸುತ್ತದೆ. ಲೆಕ್ಕವೆಲ್ಲ ಸರಿ. ಆದರೆ ರಬ್ಬರ್ ಎಂಬ ಹೆಸರಿಟ್ಟುಕೊಂಡು ಬಣ್ಣ ಬಳಿಯುವ ಮುಂಚೆ ಒಂದು ಮಾತು ಹೇಳಬಾರದೇ? ಈ ತಕರಾರನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ.

ಮಾರನೆಯ ದಿನ ಪುಟ್ಟ ಶಾಲೆಯ ಕಂಪ್ಯೂಟರ್ ಮೇಡಂ ಅವರನ್ನು ಕೇಳಿಕೊಂಡು ಬಂದ. ಮೂಲ ಚಿತ್ರವನ್ನು ಮುಟ್ಟಲೇಬಾರದು. ಅದರ ಮೇಲೆ ಖಾಲಿ ಪದರವೊಂದನ್ನು ಇಟ್ಟುಕೊಂಡು, ತಿದ್ದುವುದನ್ನೆಲ್ಲ ಅದರ ಮೇಲೆ ತಿದ್ದಬೇಕು. ಚಿತ್ರದ ಮೇಲೆ ಬೆಣ್ಣೆ ಕಾಗದ ಇಟ್ಟು ಬರೆದ ಹಾಗೆ. ತೇಪೆ ಹಾಕಲು ಕ್ಲೋನ್ ಎಂಬ ಸಲಕರಣೆ ಇದೆ, ಚಿತ್ರದಲ್ಲಿ ರಬ್ಬರ್ ಸ್ಟಾಂಪಿನ ಹಾಗೆ ಕಾಣುತ್ತದೆ. ಕಂಟ್ರೋಲ್ ಒತ್ತಿಕೊಂಡು ಚೆನ್ನಾಗಿರುವ ಜಾಗದ ಮೇಲೆ ಕ್ಲಿಕ್ ಮಾಡಿ, ಆಮೇಲೆ ಹಾಳಾದ ಜಾಗದ ಮೇಲೆ ಸವರಿದರೆ ಅಲ್ಲಿಯದು ಇಲ್ಲಿಗೆ ಬರುತ್ತದೆ.

ಬರಲಿಲ್ಲ. ಸವರಿದ, ಸವರಿದ, ಏನೂ ಇಲ್ಲ. ಇಲಿಯನ್ನು ಮೇಜಿಗೆ ಕುಟ್ಟಿದ. ಮೇಡಂ ಹೇಳಿದ್ದನ್ನು ಬರೆದುಕೊಂಡಿದ್ದ ಚೀಟಿ ತೆಗೆದು ಮೂರು ಸಲ ಓದಿದ. “ನಂಗೇ ಬರಲ್ಲ ತಾತ” ಎಂದು ಕಣ್ಣಲ್ಲಿ ನೀರು ತಂದುಕೊಂಡ. ನನಗೆ ನಿಜವಾಗಿ ಕೋಪ ಬಂದದ್ದು ಆಗ. ಒಂದು ಸಲಕರಣೆ ಕೆಲಸ ಮಾಡದಿದ್ದರೆ ದೊಡ್ಡವರು ಸಲಕರಣೆಯನ್ನು ಬೈಯುತ್ತೇವೆ. ಮಕ್ಕಳು ತಮ್ಮನ್ನೇ ಬೈದುಕೊಳ್ಳುತ್ತಾರೆ. ಡೀಫಾಲ್ಟ್ ಗೊತ್ತುಮಾಡುವವರು ಇದನ್ನು ಒಂದು ಸಲವಾದರೂ ಯೋಚಿಸಬೇಕು.

ಊಟ ಮಾಡಿ ಬಂದು ಮತ್ತೆ ಕೂತೆವು. ಕ್ಲೋನಿನ ಆಯ್ಕೆಗಳ ಪಟ್ಟಿಯನ್ನು ಇಬ್ಬರೂ ಒಂದೊಂದೇ ಸಾಲು ಓದಿದೆವು. ‘ಸ್ಯಾಂಪಲ್ ಮರ್ಜ್‌ಡ್’ ಎಂದೊಂದು ಚೌಕ, ಅದಕ್ಕೆ ಗುರುತು ಹಾಕಿರಲಿಲ್ಲ. ಗುರುತು ಇಲ್ಲದಿದ್ದರೆ ಕ್ಲೋನ್ ನಾವು ಕೆಲಸ ಮಾಡುತ್ತಿರುವ ಪದರವನ್ನು ಮಾತ್ರ ನೋಡುತ್ತದೆ. ನಮ್ಮ ಪದರವೋ ಖಾಲಿ. ಖಾಲಿಯಿಂದ ಖಾಲಿಯನ್ನು ತಂದು ಖಾಲಿಯ ಮೇಲೆ ಶ್ರದ್ಧೆಯಿಂದ ಅಂಟಿಸುತ್ತಿತ್ತು! ಗುರುತು ಹಾಕಿದ ಕೂಡಲೇ ಕೆಳಗಿನ ಚಿತ್ರವೂ ಅದರ ಕಣ್ಣಿಗೆ ಬಿತ್ತು. ಮೊದಲ ತೇಪೆ ಕೂತಾಗ ಪುಟ್ಟ ಕೂಗಿದ ಕೂಗಿಗೆ ಒಳಗಿನಿಂದ ಅವರಜ್ಜಿ ಓಡಿ ಬಂದರು. ಪ್ರಿಫರೆನ್ಸಸ್‌ನ ‘ಟೂಲ್ ಆಪ್ಷನ್ಸ್’ನಲ್ಲಿ ‘ಸೇವ್ ಟೂಲ್ ಆಪ್ಷನ್ಸ್ ನೌ’ ಎಂಬ ಗುಂಡಿ ಇದೆ. ಅದನ್ನೂ ಒತ್ತಿಟ್ಟೆವು, ನಾಳೆ ಮತ್ತೆ ಅಳುವುದು ಬೇಡವೆಂದು.

ಆಮೇಲೆ ನಾಲ್ಕು ಸಂಜೆ ಒಳ್ಳೆಯ ಕೆಲಸ ನಡೆಯಿತು. ನಾನು ಪಕ್ಕದಲ್ಲಿ ಕೂತು ಮೇಸ್ತ್ರಿಯ ಹಾಗೆ ಬೆರಳು ತೋರಿಸುವುದು, ಅವನು ಸವರುವುದು. ನೀರಿನ ಕಲೆ ಹೋಯಿತು. ಹುಳು ತಿಂದ ಮೂಲೆ ತುಂಬಿತು. ಮಡಿಕೆಯ ಗೆರೆಗಳು ಒಂದೊಂದಾಗಿ ಮಾಯವಾದವು. “ಇಲ್ಲಿ ಹುಬ್ಬಿನ ಮೇಲೂ ಒಂದು ಗೆರೆ ಇದೆ ನೋಡೋ, ಅದನ್ನೂ ತೆಗಿ” ಎಂದೆ. ತೆಗೆದ. ಕೆಳಗೆ ಅಮ್ಮನ ಹೆಸರು ಬರೆಯಲು ಹೋದರೆ ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದಾಗಿ ಮೂಡಿತು, ಅದು ಇನ್ನೊಂದು ಡೀಫಾಲ್ಟ್. ಅಳತೆ ಹೆಚ್ಚಿಸಿದ ಮೇಲೆ ಚೆಂದವಾಗಿ ಬಂತು. ಒಂದು ಮಾತು ಮೆಚ್ಚಿ ಹೇಳಬೇಕು. ಯೂನಿಕೋಡ್ ಕನ್ನಡವನ್ನು ಗಿಂಪ್ ಒತ್ತಕ್ಷರ ಒಡೆಯದೆ ಬರೆಯುತ್ತದೆ. ‘ಲಕ್ಷ್ಮಮ್ಮ’ ಎಂದು ಬರೆದರೆ ಲಕ್ಷ್ಮಮ್ಮನೇ ಬರುತ್ತಾರೆ. ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲ ನೋಡಿದ ನನಗೆ ಇದು ಸಣ್ಣ ವಿಷಯವಲ್ಲ.

ಉಳಿಸಿ, ಪೆನ್ ಡ್ರೈವಿಗೆ ಹಾಕಿಕೊಂಡು ಬಿಸಿಲಿನಲ್ಲಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನಾಲ್ಕು ಸಲ ಪ್ರಯತ್ನಿಸಿ, “ಓಪನ್ ಆಗ್ತಿಲ್ಲ ಸಾರ್, ಇದೇನೋ ಎಕ್ಸ್‌ಸಿಎಫ್ ಅಂತಿದೆ. ಜೆಪಿಜಿ ಮಾಡ್ಕೊಂಡು ಬನ್ನಿ” ಎಂದ. ಹೋದ ದಾರಿಗೆ ಸುಂಕವಿಲ್ಲ ಎಂದುಕೊಂಡು ಮನೆಗೆ ಬಂದೆ.

ಗಿಂಪ್‌ನಲ್ಲಿ ‘ಸೇವ್’ ಎಂದರೆ ಎಕ್ಸ್‌ಸಿಎಫ್ ಎಂಬ ಅದರ ಸ್ವಂತ ರೂಪದಲ್ಲಿ ಮಾತ್ರ ಉಳಿಯುತ್ತದೆ. ಬೇರೆಯವರು ತೆರೆಯುವಂಥ ಜೆಪಿಜಿ ಬೇಕಾದರೆ ‘ಎಕ್ಸ್‌ಪೋರ್ಟ್’ ಎನ್ನಬೇಕು. ಮೊದಲು ಹೀಗಿರಲಿಲ್ಲ. ಮೊದಲೆಲ್ಲ ಸೇವ್ ಎಂದೇ ಜೆಪಿಜಿ ಮಾಡಬಹುದಿತ್ತು. 2012ರಲ್ಲಿ ಬಂದ 2.8ನೇ ಆವೃತ್ತಿಯಿಂದ ಎರಡನ್ನೂ ಬೇರೆ ಮಾಡಿದರು. ಅದಕ್ಕೆ ಅವರು ತಿಂದ ಬೈಗುಳ ಸ್ವಲ್ಪವಲ್ಲ. ದಿನಾ ಹತ್ತಾರು ಫೋಟೊ ಸ್ವಲ್ಪ ಸ್ವಲ್ಪ ಕತ್ತರಿಸಿ ಉಳಿಸುವವರಿಗೆ ಪ್ರತಿ ಸಲವೂ ಒಂದು ಹೆಜ್ಜೆ ಹೆಚ್ಚಾಯಿತು. ಅಂದು ಆ ಬಿಸಿಲಿನಲ್ಲಿ ನಡೆದು ಬಂದ ನಾನೂ ಅವರ ಪಂಗಡಕ್ಕೇ ಸೇರಿದ್ದೆ.

ಕೋಪದಲ್ಲೇ ಇನ್ನಷ್ಟು ಓದಿದೆ. ಎಕ್ಸ್‌ಸಿಎಫ್ ಎಂಬುದು ಬರ್ಕ್ಲಿಯ ಆ ಇಬ್ಬರು ಹುಡುಗರಿದ್ದ ವಿದ್ಯಾರ್ಥಿ ಸಂಘದ ಹೆಸರಿನ ಮೂರು ಅಕ್ಷರಗಳಂತೆ. ಶಾಲೆಯ ಗೆಳೆಯರ ಗುಂಪಿನ ಹೆಸರು ಮೂವತ್ತು ವರ್ಷ ಹೀಗೆ ಊರೂರು ಸುತ್ತುತ್ತಿದೆ! ಡೀಫಾಲ್ಟ್ ಬದಲಿಸುವುದು ಎಷ್ಟು ನಿಧಾನ ಎಂಬುದೂ ತಿಳಿಯಿತು. ಹಿಂದೆ ಗಿಂಪ್ ತೆರೆದರೆ ಸಲಕರಣೆಗಳಿಗೆ ಒಂದು ಕಿಟಕಿ, ಚಿತ್ರಕ್ಕೆ ಒಂದು, ಪದರಗಳಿಗೆ ಇನ್ನೊಂದು ಎಂದು ಪರದೆಯ ತುಂಬ ಹರಡಿಕೊಳ್ಳುತ್ತಿತ್ತು. ಎಲ್ಲವೂ ಒಂದೇ ಕಿಟಕಿಯಲ್ಲಿರಲಿ ಎಂದು ಜನ ವರ್ಷಗಟ್ಟಲೆ ಕೇಳಿದರು. 2012ರಲ್ಲಿ ಆ ಸೌಲಭ್ಯ ಬಂತು, ಆದರೆ ಬೇಕಾದವರು ಹುಡುಕಿ ಹಾಕಿಕೊಳ್ಳಬೇಕಿತ್ತು. ಅದೇ ಡೀಫಾಲ್ಟ್ ಆದದ್ದು 2018ರಲ್ಲಿ, 2.10 ಬಂದಾಗ. ಚಿತ್ರದ ತುಣುಕನ್ನು ಅಂಟಿಸಿದರೆ ಅದು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಡುವೆ ತೇಲುತ್ತಿದ್ದುದು ಇನ್ನೊಂದು ಹಳೆಯ ತಲೆನೋವು. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಅದು ತಾನಾಗಿಯೇ ಹೊಸ ಪದರವಾಗಿ ಕೂರುತ್ತದೆ.

ಯಾಕಿಷ್ಟು ನಿಧಾನ? ಒಬ್ಬರಿಗೆ ಅನುಕೂಲವಾದದ್ದು ಇನ್ನೊಬ್ಬರ ಕೈಯ ಅಭ್ಯಾಸ ಕೆಡಿಸುತ್ತದೆ. ಪೆನ್ಸಿಲನ್ನು ಕುಂಚದ ಹಿಂದೆ ಇಟ್ಟದ್ದೂ, ಪರದೆಯನ್ನು ಕಪ್ಪು ಮಾಡಿದ್ದೂ ಸುಧಾರಣೆ ಎಂದೇ ತಾನೆ. ಮನೆಯಲ್ಲಿ ಸೊಸೆ ಉಪ್ಪಿನ ಡಬ್ಬಿಯ ಜಾಗ ಬದಲಿಸಿದ ವಾರ ನಮ್ಮವಳು ಎಷ್ಟು ಸಲ ಸಾರಿಗೆ ಸಕ್ಕರೆ ಹಾಕಿದಳು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಆ ಸಂಜೆ ಪುಟ್ಟ ಎಕ್ಸ್‌ಪೋರ್ಟ್ ಮಾಡಿ ಜೆಪಿಜಿ ತಯಾರಿಸಿದ. ಮುದ್ರಿಸುವ ಮುಂಚೆ ಒಮ್ಮೆ ಅಕ್ಕನಿಗೆ ತೋರಿಸೋಣ, ಹೇಗೂ ಗುಟ್ಟು ಬಿಟ್ಟುಕೊಟ್ಟಾಗಿದೆ ಎಂದು ಅವಳ ಮಗಳ ಫೋನಿಗೆ ಕಳಿಸಿದೆವು. ಹತ್ತು ನಿಮಿಷಕ್ಕೆ ಫೋನ್ ಬಂತು. ಅಕ್ಕನೇ.

“ಚೆನ್ನಾಗಿದೆ ಕಣೋ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಮ್ಮನ ಹುಬ್ಬಿನ ಮೇಲಿನ ಗಾಯದ ಗುರುತು ಎಲ್ಲಿ ಹೋಯ್ತು?”

“ಯಾವ ಗಾಯ? ಅದು ಫೋಟೊ ಮಡಚಿದ ಗೆರೆ ಅಲ್ಲವಾ ಅಕ್ಕ?”

“ಮಡಚಿದ್ದಲ್ಲ. ನಿನ್ನ ಹೆತ್ತು ಮೂರು ತಿಂಗಳಾಗಿತ್ತು. ನಿನ್ನ ಎತ್ಕೊಂಡು ಕೊಟ್ಟಿಗೆ ಬಾಗಿಲು ದಾಟುವಾಗ ಕಾಲು ಜಾರ್ತು. ನಿನ್ನ ತಲೆಗೆ ಕೈ ಅಡ್ಡ ಹಿಡಿದ್ಲು, ಅವಳ ಹಣೆ ದಾರಂದಕ್ಕೆ ಬಡೀತು. ನಾನೇ ಅರಿಶಿನ ಒತ್ತಿದ್ದು. ನಿಂಗೆ ಹೇಗೆ ನೆನಪಿರುತ್ತೆ ಬಿಡು.”

ನಾನು ಏನೂ ಹೇಳಲಿಲ್ಲ. ಹನ್ನೊಂದು ವರ್ಷ ದಿನಾ ನೋಡಿದ ಮುಖ. ಬೆರಳು ತೋರಿಸಿ ‘ಅದನ್ನೂ ತೆಗಿ’ ಎಂದವನು ನಾನೇ.

ಫೋನು ಇಟ್ಟ ಮೇಲೆ ಪುಟ್ಟನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ, ಏನೂ ಕೇಳದೆ ಲ್ಯಾಪ್‌ಟಾಪ್ ತೆರೆದ. ಜೆಪಿಜಿ ಎಂದರೆ ಕಲಸಿದ ಚಿತ್ರಾನ್ನ, ಅದರಿಂದ ಒಗ್ಗರಣೆಯನ್ನು ಬೇರೆ ಮಾಡಲಾಗದು. ಹಿಂದಕ್ಕೆ ಹೋಗುವ ಝಡ್ ಕೂಡ ಫೈಲು ಮುಚ್ಚಿದಾಗಲೇ ಎಲ್ಲವನ್ನೂ ಮರೆತಿತ್ತು. ಆದರೆ ಅಂಗಡಿಯವನು ತೆರೆಯಲಾರದೆ ವಾಪಸು ಕೊಟ್ಟ ಆ ಎಕ್ಸ್‌ಸಿಎಫ್ ಪೆನ್ ಡ್ರೈವಿನಲ್ಲಿ ಹಾಗೆಯೇ ಇತ್ತು. ಅನ್ನ ಬೇರೆ, ಗೊಜ್ಜು ಬೇರೆ. ಕೆಳಗೆ ಅಮ್ಮನ ಮೂಲ ಚಿತ್ರ ಒಂದು ಚುಕ್ಕೆಯೂ ಬದಲಾಗದೆ ಕೂತಿತ್ತು. ಮೇಲಿನ ಪದರದಲ್ಲಿ ನಮ್ಮ ತೇಪೆಗಳು.

ಪುಟ್ಟ ಮೇಲಿನ ಪದರವನ್ನು ಆರಿಸಿಕೊಂಡು ರಬ್ಬರ್ ಕೈಗೆತ್ತಿಕೊಂಡ. ನನಗೆ ಎದೆ ಧಸಕ್ಕೆಂದಿತು, ಮತ್ತೆ ಕೆಂಪು ಬಳಿದೀತೆಂದು. “ಇಲ್ಲ ತಾತ, ಇದು ಖಾಲಿ ಪದರ ಅಲ್ವಾ, ಇದಕ್ಕೆ ಪಾರದರ್ಶಕ ಇದ್ದೇ ಇದೆ” ಎಂದ. ಕುಂಚದ ಅಳತೆಯನ್ನು ಚಿಕ್ಕದು ಮಾಡಿ, ಉಸಿರು ಹಿಡಿದು, ಹುಬ್ಬಿನ ಮೇಲೆ ಮೆಲ್ಲಗೆ ಒರಸಿದ. ನಾವು ಹಾಕಿದ್ದ ತೇಪೆ ಅಷ್ಟಷ್ಟೇ ಕರಗಿತು. ಅದರಡಿಯಿಂದ ಅಕ್ಕಿ ಕಾಳಿನಷ್ಟು ಉದ್ದದ ಬಿಳಿ ಗುರುತು ಮೇಲೆ ಬಂತು.

“ಇಷ್ಟು ಸಾಕಾ?” ಎಂದ.

“ಇನ್ನು ಸ್ವಲ್ಪ, ಎಡಕ್ಕೆ” ಎಂದೆ.

ಮತ್ತೆ ಎಕ್ಸ್‌ಪೋರ್ಟ್ ಮಾಡಿ ಅಕ್ಕನಿಗೆ ಕಳಿಸಿದೆವು. ಈ ಸಲ ಅವಳು ಫೋನ್ ಮಾಡಲಿಲ್ಲ. ಅವಳ ಮಗಳು ಒಂದು ಸಂದೇಶ ಕಳಿಸಿದಳು: ‘ಮಾಮ, ಅಮ್ಮ ಫೋನ್ ವಾಪಸು ಕೊಡ್ತಿಲ್ಲ.’ ಮಾರನೆಯ ಬೆಳಿಗ್ಗೆ ಜೆಪಿಜಿ ತೆಗೆದುಕೊಂಡು ಅಂಗಡಿಗೆ ಹೋದೆ. ಹುಡುಗ ಪರದೆಯ ಮೇಲೆ ಚಿತ್ರ ದೊಡ್ಡದು ಮಾಡಿ ನೋಡಿ, “ಸಾರ್, ಹುಬ್ಬಿನ ಹತ್ರ ಒಂದು ಗೀರು ಉಳಿದಿದೆ, ತೆಗೆದುಬಿಡ್ಲಾ?” ಎಂದು ಕೇಳಿದ. ಬೇಡಪ್ಪ, ಅದು ಹಾಗೇ ಇರಲಿ ಎಂದೆ.